ಪೊದೆ ಮುಚ್ಚಿದ ಜಮೀನು: ಬುಡದಿಂದ ಬಿಡಿಸಿಕೊಳ್ಳುವ ಬಗೆ

ನಾಲ್ಕೈದು ವರ್ಷ ಉಳುಮೆ ಕಾಣದೆ ಬಿಟ್ಟ ಜಮೀನಿನಲ್ಲಿ ಮೊದಲು ಹುಲ್ಲು, ಆಮೇಲೆ ಕಳೆ, ಅದರ ಬೆನ್ನಿಗೇ ಲಂಟಾನ, ಜಾಲಿ ಮತ್ತು ಬಳ್ಳಿಗಳು ಸೇರಿಕೊಂಡು ಆಳೆತ್ತರದ ಮೆಳೆ ಬೆಳೆದುಬಿಡುತ್ತದೆ. ಅದನ್ನು ಮತ್ತೆ ಬಳಕೆಗೆ ತರಲು ಹೊರಟವರಲ್ಲಿ ಹೆಚ್ಚಿನವರು ಒಂದು ವಾರ ಆಳು ಹಚ್ಚಿಯೋ ಯಂತ್ರ ತರಿಸಿಯೋ ಎಲ್ಲವನ್ನೂ ನೆಲಸಮ ಮಾಡಿಸುತ್ತಾರೆ. ಎರಡು ಮಳೆ ಬಿದ್ದ ಮೇಲೆ ಕಡಿದ ಒಂದೊಂದು ಬುಡದಿಂದಲೂ ಹತ್ತಾರು ಚಿಗುರುಗಳು ಎದ್ದು, ಮುಂದಿನ ವರ್ಷ ಮೊದಲಿಗಿಂತ ದಟ್ಟವಾದ ಪೊದೆ ಎದುರಾಗುತ್ತದೆ. ಕಡಿಯುವುದು ಈ ಕೆಲಸದ ಚಿಕ್ಕ ಭಾಗ ಮಾತ್ರ. ಯಾವ ಗಿಡ ಎಲ್ಲಿಂದ ಚಿಗುರುತ್ತದೆ, ಕಡಿದ ಮೇಲೆ ಎಷ್ಟು ದಿನಕ್ಕೆ ಅದೇ ಜಾಗಕ್ಕೆ ಮರಳಬೇಕು, ಬಯಲಾದ ನೆಲವನ್ನು ಯಾವುದರಿಂದ ಮುಚ್ಚಬೇಕು ಎಂಬುದನ್ನು ಕತ್ತಿ ಹಿಡಿಯುವ ಮೊದಲೇ ತೀರ್ಮಾನಿಸಿಕೊಂಡವರ ಶ್ರಮ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಹೋಗುತ್ತದೆ.

ಮೊದಲು ನಡೆದು ನೋಡಿ

ಮೊದಲ ದಿನ ಏನನ್ನೂ ಕಡಿಯಬೇಡಿ. ಉದ್ದನೆಯ ಕೋಲು ಹಿಡಿದು, ನೆಲವನ್ನು ತಟ್ಟುತ್ತ, ಜಮೀನಿನ ಅಂಚಿನಲ್ಲಿ ಒಂದು ಸುತ್ತು ಬನ್ನಿ. ಒಳಗೆ ಹೋಗಲು ಸಾಧ್ಯವಿರುವ ಕಡೆಯೆಲ್ಲ ಹೋಗಿ. ಗಡಿಕಲ್ಲುಗಳು ಎಲ್ಲಿವೆ ಎಂಬುದು ಮೊದಲು ಖಚಿತವಾಗಬೇಕು, ಏಕೆಂದರೆ ಪೊದೆ ಬೆಳೆದ ಜಾಗದಲ್ಲಿ ಅಂದಾಜಿನ ಮೇಲೆ ಕಡಿಯುತ್ತ ಹೋದವರು ನೆರೆಯವರ ಬೇಲಿಯನ್ನೋ ಮರವನ್ನೋ ತೆಗೆದುಹಾಕಿ ವ್ಯಾಜ್ಯಕ್ಕೆ ಸಿಲುಕುವುದು ಅಪರೂಪವಲ್ಲ. ದೊಡ್ಡ ಮರಗಳನ್ನು ಕಡಿಯಲು ಅನುಮತಿ ಬೇಕಾಗುವ ಕಡೆ ಅದನ್ನು ಪಡೆದೇ ಮುಂದುವರಿಯಿರಿ.

ಇನ್ನು ಪೊದೆಯೊಳಗೆ ಕಾಣದೆ ಅಡಗಿರುವ ಅಪಾಯಗಳು. ಕಟ್ಟೆಯಿಲ್ಲದ ಹಾಳುಬಾವಿ, ಹಳೆಯ ಗುಂಡಿ, ಕುಸಿದ ಗೋಡೆಯ ಕಲ್ಲುಗಳು ಎಲೆಗಳ ಮರೆಯಲ್ಲಿರುತ್ತವೆ. ಬಿದ್ದುಹೋದ ಮುಳ್ಳುತಂತಿ ಇದಕ್ಕಿಂತ ಕೆಟ್ಟದ್ದು: ತಿರುಗುವ ಯಂತ್ರದ ಬ್ಲೇಡಿಗೆ ಅದು ಸುತ್ತಿಕೊಂಡರೆ ತುಂಡಾಗಿ ಎಸೆಯಲ್ಪಟ್ಟ ತಂತಿ ಗುಂಡಿನಂತೆ ಬಡಿಯುತ್ತದೆ. ಕಂಡ ಬಾವಿಗೆ, ಗುಂಡಿಗೆ, ತಂತಿಗೆ ಬಣ್ಣದ ಬಟ್ಟೆ ಕಟ್ಟಿದ ಗೂಟವನ್ನು ನೆಟ್ಟು ಗುರುತು ಮಾಡಿ. ಕಡಜದ ಗೂಡು, ಹೆಜ್ಜೇನಿನ ಹುಟ್ಟಿ, ಹುತ್ತ ಇರುವ ಜಾಗಗಳನ್ನೂ ಗುರುತಿಸಿ, ಅವುಗಳ ಸಮೀಪದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ.

ಇದೇ ಸುತ್ತಿನಲ್ಲಿ ಉಳಿಸಿಕೊಳ್ಳಬೇಕಾದ ಗಿಡಗಳಿಗೂ ಸುಣ್ಣದ ಗುರುತು ಹಾಕಿ. ಮೆಳೆಯೊಳಗೆ ಹಕ್ಕಿಗಳು ತಂದುಹಾಕಿದ ಬೀಜದಿಂದ ಒಳ್ಳೆಯ ಜಾತಿಯ ಮರದ ಸಸಿಗಳು ಮುಳ್ಳಿನ ರಕ್ಷಣೆಯಲ್ಲಿ ಬೆಳೆದಿರುತ್ತವೆ. ಮುಂದೆ ದುಡ್ಡು ಕೊಟ್ಟು, ನೀರು ಹೊತ್ತು ಬೆಳೆಸಬೇಕಾದ ಮರವನ್ನು ಅವಸರದಲ್ಲಿ ಕಡಿದುಹಾಕುವುದು ನೋವಿನ ಸಂಗತಿ. ಗುರುತು ಹಾಕದ ಸಸಿಯನ್ನು ಕೆಲಸದ ಭರದಲ್ಲಿ ಯಾರೂ ಗಮನಿಸುವುದಿಲ್ಲ.

ಗಿಡ ಎಲ್ಲಿಂದ ಚಿಗುರುತ್ತದೆ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದಲು ಸಮಯವಿದೆ ಎನ್ನುವವರು ಇದನ್ನು ಓದಬೇಕು. ಪೊದೆಯ ಗಿಡಗಳು ಕಡಿದರೂ ಸಾಯದಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಕಾಂಡ ಮತ್ತು ಬೇರು ಕೂಡುವ ಬುಡದ ಭಾಗದಲ್ಲಿ ಮಲಗಿರುವ ಮೊಗ್ಗುಗಳು. ಮೇಲಿನ ಕಾಂಡ ಇರುವಷ್ಟು ಕಾಲ ಅವು ಸುಪ್ತವಾಗಿದ್ದು, ಕಾಂಡ ಹೋದ ಕೂಡಲೇ ಒಟ್ಟಿಗೆ ಎದ್ದೇಳುತ್ತವೆ. ಎರಡನೆಯದು, ಬೇರಿನಲ್ಲಿ ಸಂಗ್ರಹವಾಗಿರುವ ಪಿಷ್ಟ. ಹೊಸ ಎಲೆಗಳು ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುವವರೆಗೆ ಚಿಗುರು ಈ ಸಂಗ್ರಹವನ್ನೇ ಉಂಡು ಬೆಳೆಯುತ್ತದೆ. ಆದ್ದರಿಂದ ಗಿಡವನ್ನು ಕೊಲ್ಲಲು ಇರುವ ದಾರಿಗಳು ಎರಡೇ: ಮೊಗ್ಗುಗಳಿರುವ ಬುಡವನ್ನೇ ನೆಲದಿಂದ ತೆಗೆಯುವುದು, ಇಲ್ಲವೇ ಚಿಗುರನ್ನು ಮತ್ತೆ ಮತ್ತೆ ಸವರಿ ಬೇರಿನ ಸಂಗ್ರಹವನ್ನು ಬರಿದು ಮಾಡುವುದು.

ಲಂಟಾನಕ್ಕೆ ಮೊದಲ ದಾರಿ ಚೆನ್ನಾಗಿ ಒಗ್ಗುತ್ತದೆ. ಉಷ್ಣವಲಯದ ಅಮೆರಿಕದಿಂದ ಅಲಂಕಾರಕ್ಕಾಗಿ ತಂದ ಈ ಗಿಡ ಇಂದು ಜಗತ್ತಿನ ಬಿಸಿ ಪ್ರದೇಶಗಳಲ್ಲೆಲ್ಲ ಹಬ್ಬಿದೆ. ಅದರ ಚಿಗುರುವ ಮೊಗ್ಗುಗಳೆಲ್ಲ ನೆಲಮಟ್ಟದ ಆಸುಪಾಸಿನಲ್ಲೇ ಇರುವುದರಿಂದ, ಬುಡದ ಸುತ್ತ ಸ್ವಲ್ಪ ಮಣ್ಣು ಸರಿಸಿ, ನೆಲದ ಮೇಲ್ಮೈಯಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಗುದ್ದಲಿಯ ಅಥವಾ ಪಿಕಾಸಿಯ ಒಂದೆರಡು ಏಟಿನಲ್ಲಿ ಕತ್ತರಿಸಿದರೆ ಉಳಿದ ಬೇರು ಸಾಮಾನ್ಯವಾಗಿ ಚಿಗುರುವುದಿಲ್ಲ. ಹೀಗೆ ಕಿತ್ತ ಪೊದೆಯನ್ನು ಇದ್ದಲ್ಲೇ ಬಿಡದೆ ತಲೆಕೆಳಗಾಗಿ, ಬೇರು ಆಕಾಶಕ್ಕೆ ಮುಖ ಮಾಡುವಂತೆ ನಿಲ್ಲಿಸಬೇಕು. ಬುಡ ಹಸಿ ನೆಲಕ್ಕೆ ತಾಗಿದರೆ ಮತ್ತೆ ಬೇರು ಬಿಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ಈ ವಿಧಾನಕ್ಕೆ ವಿಷವೂ ಬೇಡ, ದೊಡ್ಡ ಯಂತ್ರವೂ ಬೇಡ. ಒಬ್ಬೊಬ್ಬ ಕೆಲಸಗಾರನಿಗೂ ಎಷ್ಟು ಆಳಕ್ಕೆ ಕತ್ತರಿಸಬೇಕು ಎಂದು ನಿಂತು ತೋರಿಸಿಕೊಡುವ ತಾಳ್ಮೆಯಷ್ಟೇ ಬೇಕು.

ಬಳ್ಳಾರಿ ಜಾಲಿಯದು ಬೇರೆಯೇ ಕತೆ. ಅದರ ಮೊಗ್ಗುಗಳು ಇನ್ನೂ ಆಳದಲ್ಲಿರುತ್ತವೆ. ನೆಲಮಟ್ಟದಲ್ಲಿ ಕಡಿದ ಜಾಲಿ ಒಂದೇ ಕಾಂಡದ ಮರವಾಗಿದ್ದದ್ದು ಹಲವು ಕಾಂಡಗಳ ಮುಳ್ಳುಪೊದೆಯಾಗಿ ಮೇಲೇಳುತ್ತದೆ. ಸುಮಾರು ಒಂದು ಅಡಿ ಆಳದವರೆಗೆ ಬುಡ ಬಿಡಿಸಿ, ಬೇರನ್ನು ಅಲ್ಲಿ ಕತ್ತರಿಸಿ, ಬೊಡ್ಡೆಯನ್ನು ಹೊರತೆಗೆಯದ ಹೊರತು ಅದರಿಂದ ಬಿಡುಗಡೆಯಿಲ್ಲ. ಗಿಡ ಹೆಬ್ಬೆರಳಿನ ಗಾತ್ರ ಇರುವಾಗಲೇ ಇದನ್ನು ಮಾಡಿದರೆ ಹಾರೆಯ ಒಂದು ಎತ್ತಿಗೆ ಬರುತ್ತದೆ, ತೊಡೆ ಗಾತ್ರವಾದ ಮೇಲೆ ಅರ್ಧ ದಿನ ತಿನ್ನುತ್ತದೆ.

ಕಮ್ಯುನಿಸ್ಟ್ ಗಿಡ ಎಂದು ಕರೆಯಲಾಗುವ ಕ್ರೋಮೋಲೀನಾ ನೋಡಲು ಭೀಕರವಾಗಿ ಬೆಳೆದರೂ ಅದರ ಬೇರು ಆಳಕ್ಕೆ ಇಳಿಯುವುದಿಲ್ಲ. ಮಣ್ಣು ತೇವವಾಗಿರುವಾಗ ಕೈಯಲ್ಲೇ ಬುಡಸಹಿತ ಕೀಳಬಹುದು. ಆದರೆ ಅದರ ಬೀಜ ಗಾಳಿಯಲ್ಲಿ ತೇಲುವಂಥದ್ದು. ಹೂ ಬಿಡುವ ಮುನ್ನವೇ ಕೀಳದಿದ್ದರೆ ಇಡೀ ಜಮೀನಿಗೆ ಬಿತ್ತಿದಂತಾಗುತ್ತದೆ. ಪಾರ್ಥೇನಿಯಂಗೂ ಇದೇ ಮಾತು ಹೆಚ್ಚು ಬಲವಾಗಿ ಅನ್ವಯಿಸುತ್ತದೆ. ಮೊಳೆತ ಸುಮಾರು ಒಂದು ತಿಂಗಳಲ್ಲೇ ಹೂ ಬಿಡಬಲ್ಲ ಈ ಗಿಡ, ಬಲಿತಾಗ ಒಂದೊಂದೂ 15,000ದಿಂದ 25,000 ಬೀಜಗಳನ್ನು ಉದುರಿಸಬಲ್ಲದು. ಅದನ್ನು ಕುಡುಗೋಲಿನಿಂದ ಸವರಿದರೆ ಬುಡದಿಂದ ಕವಲೊಡೆದು ಬೇಗ ಹೂವಿಗೆ ಬರುತ್ತದೆ, ಆದ್ದರಿಂದ ಕೀಳಲೇಬೇಕು. ಬರಿಗೈಯಲ್ಲಿ ಮಾತ್ರ ಬೇಡ, ಅದರ ಸ್ಪರ್ಶ ಕೆಲವರಲ್ಲಿ ತೀವ್ರ ಚರ್ಮರೋಗವನ್ನೂ ಅದರ ಪರಾಗ ಉಸಿರಾಟದ ಅಲರ್ಜಿಯನ್ನೂ ಉಂಟುಮಾಡುತ್ತದೆ.

ಯಾವ ಕಾಲದಲ್ಲಿ

ಬೇರು ಕೀಳುವ ಕೆಲಸಕ್ಕೆ ಒಂದೆರಡು ಹದವಾದ ಮಳೆ ಬಿದ್ದು ನೆಲ ಮೆತ್ತಗಾದ ಸಮಯ ಉತ್ತಮ. ಒಣಗಿ ಕಲ್ಲಾದ ನೆಲದಲ್ಲಿ ಎಳೆದರೆ ಕಾಂಡ ಕೈಗೆ ಬಂದು ಬುಡ ಒಳಗೇ ಉಳಿಯುತ್ತದೆ. ಕಡಿದು ಸೊರಗಿಸುವ ಗಿಡಗಳಿಗಾದರೆ, ಅವು ಚಿಗುರಿ ಹೂವಿಗೆ ಬರುವ ಹೊತ್ತನ್ನು ಆರಿಸಿಕೊಳ್ಳಿ, ಆಗ ಬೇರಿನ ಸಂಗ್ರಹ ಬಹುಪಾಲು ಖರ್ಚಾಗಿರುತ್ತದೆ. ಕಾಯಿ ಬಲಿತ ಮೇಲೆ ಕಡಿಯುವುದೆಂದರೆ ಬೀಜ ಕೊಡವಿದಂತೆ. ಭಾರವಾದ ಯಂತ್ರ ಇಳಿಸುವುದಿದ್ದರೆ ಮಾತ್ರ ಒಣ ನೆಲವೇ ಬೇಕು, ಏಕೆಂದರೆ ಒದ್ದೆ ಮಣ್ಣು ಚಕ್ರದಡಿ ಗಟ್ಟಿಯಾಗಿ, ಮುಂದೆ ವರ್ಷಗಟ್ಟಲೆ ನೀರು ಇಂಗುವುದಿಲ್ಲ.

ಉಡುಪು, ಉಪಕರಣ

ದಪ್ಪ ಬಟ್ಟೆಯ ಉದ್ದ ತೋಳಿನ ಅಂಗಿ, ಪ್ಯಾಂಟು, ಕಣಕಾಲಿನ ಮೇಲಕ್ಕೂ ಬರುವ ಗಟ್ಟಿ ಬೂಟು, ಚರ್ಮದ ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಇಲ್ಲದೆ ಮೆಳೆಯೊಳಗೆ ಇಳಿಯಬಾರದು. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ನಸುಗುನ್ನಿಯ ಕಾಯಿಯ ರೋಮ ತಾಗಿದರೆ ತಡೆಯಲಾರದ ತುರಿಕೆ, ಚೇರೆ ಮರದ ಸೊನೆ ಸೋಕಿದರೆ ಮೈ ಬೊಬ್ಬೆ ಏಳುತ್ತದೆ. ಇವುಗಳ ಪರಿಚಯವಿಲ್ಲದವರು ಪರಿಚಯವಿರುವ ಒಬ್ಬರನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಸಂಜೆ ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ, ಸ್ನಾನ ಮಾಡಿ, ಕಂಕುಳು, ತೊಡೆಸಂದು ಮತ್ತು ಕಿವಿಯ ಹಿಂಭಾಗದಲ್ಲಿ ಉಣ್ಣಿಗಳು ಕಚ್ಚಿಕೊಂಡಿವೆಯೇ ಎಂದು ನೋಡಿಕೊಳ್ಳಿ.

ಹಾವುಗಳ ವಿಷಯದಲ್ಲಿ ನಿಯಮ ಒಂದೇ: ಕಣ್ಣಿಗೆ ಕಾಣದ ಜಾಗಕ್ಕೆ ಕೈ ಹಾಕಬಾರದು. ಕಡಿದ ರೆಂಬೆಗಳನ್ನು ಎತ್ತುವ ಮೊದಲು ಕೊಕ್ಕೆಯಿಂದ ಎಳೆದು ಸರಿಸಿ. ಒಂದು ವೇಳೆ ಕಚ್ಚಿದರೆ ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಿ, ಪ್ರತಿವಿಷ ಸಿಗುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಬೇಕು. ಅಂಥ ಆಸ್ಪತ್ರೆ ಯಾವುದು, ಅಲ್ಲಿಗೆ ಯಾವ ವಾಹನದಲ್ಲಿ ಹೋಗುವುದು ಎಂಬುದು ಕೆಲಸ ಶುರುವಾಗುವ ದಿನವೇ ಎಲ್ಲರಿಗೂ ಗೊತ್ತಿರಲಿ. ಇದೇ ಕಾರಣಕ್ಕೆ ಒಬ್ಬರೇ ಕೆಲಸ ಮಾಡುವುದು ಸಲ್ಲದು.

ಉಪಕರಣಗಳ ಪಟ್ಟಿ ದೊಡ್ಡದಲ್ಲ. ತುದಿ ಬಾಗಿದ ಮಚ್ಚು, ಕುಡುಗೋಲು, ಗುದ್ದಲಿ, ಪಿಕಾಸಿ, ಹಾರೆ, ಕೈಗರಗಸ ಮತ್ತು ಉದ್ದ ಹಿಡಿಯ ಕೊಂಬೆ ಕತ್ತರಿ ಇದ್ದರೆ ಮುಕ್ಕಾಲು ಕೆಲಸ ನಡೆಯುತ್ತದೆ. ಅವುಗಳ ಜೊತೆಗೆ ಒಂದು ಅರ ಸದಾ ಜೇಬಿನಲ್ಲಿರಬೇಕು. ಮೊಂಡಾದ ಕತ್ತಿ ಹೆಚ್ಚು ಬಲ ಕೇಳುತ್ತದೆ, ಹೆಚ್ಚು ಬಲ ಹಾಕಿದ ಏಟು ಜಾರಿ ಕಾಲಿಗೆ ಬೀಳುತ್ತದೆ. ಗಂಟೆಗೊಮ್ಮೆ ಅಲಗು ಮಸೆಯಲು ಹತ್ತು ನಿಮಿಷ ಕೊಡುವುದು ವಿಶ್ರಾಂತಿಯೂ ಆಗುತ್ತದೆ.

ಕಡಿಯುವ ಕ್ರಮ

ಮೆಳೆಯ ನಡುವಿನಿಂದ ಶುರು ಮಾಡದೆ ಹೊರ ಅಂಚಿನಿಂದ ಒಳಕ್ಕೆ ಸಾಗಿ, ಇಬ್ಬರು ಆರಾಮಾಗಿ ನಡೆಯುವಷ್ಟು ಅಗಲದ ದಾರಿಯನ್ನು ಮೊದಲು ತೆರೆಯಿರಿ. ಕಡಿದದ್ದನ್ನು ಹೊರಗೆ ಸಾಗಿಸಲು, ಅಪಾಯ ಬಂದರೆ ಓಡಿ ಬರಲು ಈ ದಾರಿಯೇ ಆಧಾರ. ಜೊತೆಯಲ್ಲಿ ಮಚ್ಚು ಬೀಸುವವರ ನಡುವೆ ಕನಿಷ್ಠ ಎರಡು ಆಳುದ್ದದ ಅಂತರ ಇರಬೇಕು. ಮರಗಳಿಗೆ ಹಬ್ಬಿದ ಬಳ್ಳಿಗಳನ್ನು ಮೇಲಿನಿಂದ ಎಳೆಯಲು ಹೋಗಬೇಡಿ, ಬಳ್ಳಿಯ ಜೊತೆಗೆ ಒಣಕೊಂಬೆಯೂ ತಲೆಯ ಮೇಲೆ ಬೀಳಬಹುದು. ಬುಡದಲ್ಲೊಮ್ಮೆ, ಎದೆಯೆತ್ತರದಲ್ಲೊಮ್ಮೆ ಕತ್ತರಿಸಿ ನಡುವಿನ ತುಂಡನ್ನು ತೆಗೆದುಬಿಟ್ಟರೆ ಮೇಲಿನದು ತಾನಾಗಿಯೇ ಒಣಗಿ ಕೆಲವು ತಿಂಗಳಲ್ಲಿ ಉದುರುತ್ತದೆ.

ಬುಡ ಕೀಳಬೇಕಾದ ಗಿಡಗಳಲ್ಲಿ ಒಂದು ಸೂಕ್ಷ್ಮವಿದೆ. ಅವುಗಳನ್ನು ನೆಲಮಟ್ಟಕ್ಕೆ ಕಡಿದುಬಿಟ್ಟರೆ ಎಳೆಯಲು ಹಿಡಿಯೇ ಉಳಿಯುವುದಿಲ್ಲ. ಮೊದಲು ಮೇಲಿನ ಹರಡನ್ನೆಲ್ಲ ಸವರಿ, ಒಂದೂವರೆ ಅಡಿಯಷ್ಟು ಕಾಂಡವನ್ನು ಬಿಟ್ಟುಕೊಳ್ಳಿ. ಬುಡ ಬಿಡಿಸಿ ಬೇರು ಕತ್ತರಿಸಿದ ಮೇಲೆ ಆ ಕಾಂಡವನ್ನು ಸನ್ನೆಯಂತೆ ಹಿಡಿದು ಬಗ್ಗಿಸಿದರೆ ಬೊಡ್ಡೆ ಮೇಲೆದ್ದು ಬರುತ್ತದೆ. ಕೀಳದೆ ಬಿಡುವ ಗಿಡಗಳನ್ನಾದರೋ ನೆಲಕ್ಕೆ ಆದಷ್ಟು ಸಮೀಪದಲ್ಲಿ ಮಟ್ಟಸವಾಗಿ ಕತ್ತರಿಸಬೇಕು. ಮಚ್ಚಿನಿಂದ ಓರೆಯಾಗಿ ಹೊಡೆದಾಗ ಉಳಿಯುವ ಚೂಪಾದ ಕೂಳೆ ಒಣಗಿದ ಮೇಲೆ ಮೊಳೆಯಂತೆ ಬೂಟಿನ ಅಟ್ಟೆಯನ್ನೂ ಟ್ರ್ಯಾಕ್ಟರಿನ ಟಯರನ್ನೂ ಸೀಳುತ್ತದೆ, ಬಿದ್ದವರ ಹೊಟ್ಟೆಗೆ ಚುಚ್ಚಿದ ಉದಾಹರಣೆಗಳೂ ಇಲ್ಲದಿಲ್ಲ. ಹೀಗೆ ಉಳಿದ ಕೂಳೆಗಳನ್ನು ಅದೇ ದಿನ ಗರಗಸದಿಂದ ಸಮ ಮಾಡಿಸಿ.

ಬ್ರಷ್ ಕಟರ್ ಬಳಸುವಾಗ

ಉದ್ದ ಕೊಳವೆಯ ತುದಿಯಲ್ಲಿ ಬ್ಲೇಡು ತಿರುಗಿಸಿ ಪೊದೆ ಸವರುವ ಈ ಎಂಜಿನ್ ಯಂತ್ರಕ್ಕೆ ಎಳೆಯ ಹುಲ್ಲಿನಲ್ಲಿ ನೈಲಾನ್ ದಾರ, ಬಲಿತ ಹುಲ್ಲು ಮತ್ತು ಎಳೆ ಪೊದೆಗೆ ಮೂರು ಹಲ್ಲಿನ ಲೋಹದ ಬ್ಲೇಡು, ಕಟ್ಟಿಗೆಯಾದ ಕಾಂಡಕ್ಕೆ ಗರಗಸದಂಥ ದುಂಡು ಬ್ಲೇಡು ಬೇಕು. ಒಂದರ ಕೆಲಸಕ್ಕೆ ಇನ್ನೊಂದನ್ನು ಹಾಕುವುದು ಅಪಘಾತಕ್ಕೆ ದಾರಿ. ಈ ಯಂತ್ರದ ಬ್ಲೇಡು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಬ್ಲೇಡನ್ನು ಗಡಿಯಾರದ ಮುಖವೆಂದು ಭಾವಿಸಿದರೆ, 12ರಿಂದ 3ರವರೆಗಿನ ಬಲಮುಂಭಾಗ ಗಟ್ಟಿ ಕಾಂಡಕ್ಕೆ ತಾಗಿದಾಗ ಯಂತ್ರ ಒಮ್ಮೆಲೇ ಬದಿಗೆ ಚಿಮ್ಮಿ ನಿಮ್ಮನ್ನೇ ಎಳೆದಾಡುತ್ತದೆ. ಆದ್ದರಿಂದ ಕಾಂಡವನ್ನು ಎಡಭಾಗದಿಂದ, ಅಂದರೆ 8ರಿಂದ 11ರ ನಡುವಿನ ಅಂಚಿನಿಂದ ಕತ್ತರಿಸಿ. ಹುಲ್ಲನ್ನಾದರೆ ಬಲದಿಂದ ಎಡಕ್ಕೆ, ಸೊಂಟವನ್ನು ತಿರುಗಿಸುತ್ತ ಬೀಸಿ.

ಯಂತ್ರ ನಡೆಯುವಾಗ ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು, ಮಕ್ಕಳು ಮತ್ತು ನಾಯಿಗಳಂತೂ ಜಮೀನಿನಿಂದಲೇ ಹೊರಗಿರಲಿ. ಮುಖಕ್ಕೆ ಜಾಲರಿಯ ಕವಚ, ಅದರೊಳಗೆ ಕನ್ನಡಕ, ಕಿವಿಗೆ ಮುಚ್ಚಳ ಬೇಕೇ ಬೇಕು. 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದಿನವಿಡೀ ಇದ್ದರೆ ಶ್ರವಣ ಹಾಳಾಗುತ್ತದೆ, ಈ ಯಂತ್ರಗಳು ಅದಕ್ಕಿಂತ ಜೋರಾಗಿಯೇ ಅರಚುತ್ತವೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಬೇಕು. ಹಲವು ಯಂತ್ರಗಳಿಗೆ 50ಕ್ಕೆ 1ರ ಪ್ರಮಾಣ, ಅಂದರೆ ಲೀಟರಿಗೆ 20 ಮಿಲಿಲೀಟರ್ ಎಂದಿದ್ದರೂ, ನಿಮ್ಮ ಯಂತ್ರದ ಕೈಪಿಡಿಯಲ್ಲಿ ಏನಿದೆಯೋ ಅದೇ ಅಂತಿಮ. ಇಂಧನ ತುಂಬುವ ಮೊದಲು ಎಂಜಿನ್ ತಣ್ಣಗಾಗಲು ಬಿಡಿ. ತುಂಬಿದ ಜಾಗದಿಂದ ಕನಿಷ್ಠ ಮೂರು ಮೀಟರ್ ದೂರ ಹೋಗಿಯೇ ಚಾಲೂ ಮಾಡಿ.

ಜೆಸಿಬಿ ತರಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ದೊಡ್ಡ ಬೊಡ್ಡೆಗಳನ್ನು ಒಂದೊಂದಾಗಿ ಕೀಳಲು ತರಿಸಿ, ಇಡೀ ನೆಲವನ್ನು ಕೆರೆದು ಸಪಾಟು ಮಾಡಲು ತರಿಸಬೇಡಿ. ಪೊದೆಯಡಿ ವರ್ಷಗಟ್ಟಲೆ ಎಲೆ ಕೊಳೆತು ಸೇರಿದ ಕಪ್ಪು ಮೇಲ್ಮಣ್ಣೇ ಆ ಜಮೀನಿನ ನಿಜವಾದ ಆಸ್ತಿ. ಬಕೆಟ್ಟಿನ ಒಂದು ಎಳೆತಕ್ಕೆ ಅದು ಪೊದೆಯ ಜೊತೆಗೇ ಮೂಲೆಗೆ ಹೋಗಿ ಬೀಳುತ್ತದೆ, ಉಳಿಯುವುದು ಏನೂ ಬೆಳೆಯದ ಅಡಿಮಣ್ಣು. ಒಂದು ಸೆಂಟಿಮೀಟರ್ ಮೇಲ್ಮಣ್ಣು ಪ್ರಕೃತಿಯಲ್ಲಿ ಮೂಡಲು ನೂರು ವರ್ಷಕ್ಕೂ ಮಿಕ್ಕಿ ಬೇಕಾಗಬಹುದು. ಇಳಿಜಾರಿನಲ್ಲಂತೂ ಒಂದೇ ಸಲಕ್ಕೆ ಎಲ್ಲವನ್ನೂ ಬೋಳಿಸುವುದು ಮಣ್ಣನ್ನು ಹಳ್ಳಕ್ಕೆ ಹರಿಯಬಿಟ್ಟಂತೆ. ಅಲ್ಲಿ ಇಳಿಜಾರಿಗೆ ಅಡ್ಡವಾಗಿ ಪಟ್ಟಿಪಟ್ಟಿಯಾಗಿ ತೆರವು ಮಾಡಿ, ನಡುವಿನ ಪಟ್ಟಿಗಳನ್ನು ಮೊದಲಿನವು ಹಸಿರಾಗುವವರೆಗೆ ಮುಟ್ಟಬೇಡಿ. ತೊರೆಯ ದಂಡೆಯ ಗಿಡಗಳನ್ನು ಹಾಗೆಯೇ ಬಿಡಿ.

ಕಡಿದ ರಾಶಿಯ ವಿಲೇವಾರಿ

ಎಲ್ಲರಿಗೂ ಮೊದಲು ಹೊಳೆಯುವುದು ಬೆಂಕಿ. ನಾನು ಅದನ್ನು ಕೊನೆಯ ಆಯ್ಕೆಯಾಗಿ ಮಾತ್ರ ಒಪ್ಪುತ್ತೇನೆ. ಬೆಂಕಿಯಲ್ಲಿ ಸಾರಜನಕ ಗಾಳಿಗೆ ಹೋಗುತ್ತದೆ, ಮಣ್ಣಿನ ಜೀವಿಗಳು ಸುಟ್ಟುಹೋಗುತ್ತವೆ, ಕ್ರೋಮೋಲೀನಾದಂಥ ಎಣ್ಣೆಯಂಶವುಳ್ಳ ಗಿಡಗಳು ಊಹಿಸಲಾಗದ ವೇಗದಲ್ಲಿ ಉರಿದು ಬೆಂಕಿ ಕೈಮೀರುತ್ತದೆ. ಸೊನೆಯಲ್ಲಿ ವಿಷವಿರುವ ಗಿಡಗಳ ಹೊಗೆ ಶ್ವಾಸಕೋಶಕ್ಕೂ ಕಣ್ಣಿಗೂ ಹಾನಿ ಮಾಡುತ್ತದೆ. ರೋಗಪೀಡಿತ ಕಟ್ಟಿಗೆಯನ್ನು ಸುಡಲೇಬೇಕಾದರೆ ಅದಕ್ಕೆ ಅನುಮತಿ ಇದೆಯೇ ಎಂದು ತಿಳಿದು, ಗಾಳಿಯಿಲ್ಲದ ಹೊತ್ತಿನಲ್ಲಿ, ಸುತ್ತ ಎರಡು ಮೂರು ಮೀಟರ್ ಅಗಲ ತರಗೆಲೆ ಇಲ್ಲದಂತೆ ಕೆರೆದು, ನೀರು ತುಂಬಿಟ್ಟುಕೊಂಡು, ಸಣ್ಣ ಸಣ್ಣ ರಾಶಿಗಳಾಗಿ ಸುಡಿ. ಕೆಂಡ ಪೂರ್ತಿ ಆರುವವರೆಗೆ ಜಾಗ ಬಿಟ್ಟು ಕದಲಬಾರದು.

ಸುಡದೆ ಬಳಸುವ ದಾರಿಗಳು ಹಲವು. ಬೀಜವಿಲ್ಲದ ರೆಂಬೆಗಳನ್ನು ಕೊಚ್ಚಿ ಗಿಡಗಳ ಬುಡಕ್ಕೆ ಹೊದಿಕೆಯಾಗಿ ಹಾಸಬಹುದು. ಇಳಿಜಾರಿನಲ್ಲಿ ಅಡ್ಡಲಾಗಿ ಸಾಲುಗಟ್ಟಿ ಒಟ್ಟಿದರೆ ಅದೇ ಬದುವಾಗಿ, ಹರಿಯುವ ನೀರನ್ನು ತಡೆದು ಮಣ್ಣನ್ನು ಹಿಡಿದಿಡುತ್ತದೆ. ಗೊಬ್ಬರ ಮಾಡುವುದಾದರೆ, ಕಟ್ಟಿಗೆಯಲ್ಲಿ ಸಾರಜನಕಕ್ಕೆ ಹೋಲಿಸಿದರೆ ಇಂಗಾಲ ನೂರು ಪಾಲಿಗೂ ಹೆಚ್ಚಿರುತ್ತದೆ, ಕೊಳೆಯಲು ಬೇಕಾದದ್ದು 25ರಿಂದ 30 ಪಾಲು ಮಾತ್ರ ಎಂಬುದು ನೆನಪಿರಲಿ. ಹಸಿಸೊಪ್ಪು ಮತ್ತು ಸಗಣಿಯನ್ನು ಧಾರಾಳವಾಗಿ ಬೆರೆಸಬೇಕು. ಬೀಜ ಬಂದ ಗಿಡಗಳನ್ನು ಬೇರೆ ರಾಶಿ ಹಾಕಿ. ರಾಶಿಯ ಒಳಗೆ 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ಹಲವು ದಿನ ನಿಂತು, ಹೊರಗಿನದು ಒಳಗೆ ಹೋಗುವಂತೆ ಮಗುಚಿದರೆ ಮಾತ್ರ ಬೀಜಗಳು ಸಾಯುತ್ತವೆ. ಇನ್ನೊಂದು ಮುಖ್ಯ ಎಚ್ಚರಿಕೆ: ಲಂಟಾನದ ಎಲೆ ಜಾನುವಾರುಗಳ ಯಕೃತ್ತಿಗೆ ವಿಷ. ಅದನ್ನು ತಿಂದ ದನಗಳ ಚರ್ಮ ಬಿಸಿಲಿಗೆ ಸುಟ್ಟಂತಾಗುತ್ತದೆ, ಸಾವೂ ಬರಬಹುದು. ಕಡಿದ ರಾಶಿ ಇರುವ ಕಡೆಗೆ ಹಸಿದ ದನ, ಕುರಿ, ಆಡುಗಳನ್ನು ಬಿಡಬೇಡಿ.

ಕಳೆನಾಶಕದ ಬಗ್ಗೆ ಕೇಳುವವರೂ ಇದ್ದಾರೆ. ಕೀಳಲಾಗದ ದೊಡ್ಡ ಬೊಡ್ಡೆಗೆ, ಕತ್ತರಿಸಿದ ಕೆಲವೇ ನಿಮಿಷಗಳಲ್ಲಿ, ತೊಗಟೆಯ ಒಳಗಿನ ಹಸಿ ಉಂಗುರಕ್ಕೆ ಮಾತ್ರ ಕುಂಚದಿಂದ ಹಚ್ಚುವುದು ಉಳಿದ ರೀತಿಗಳಿಗಿಂತ ಕಡಿಮೆ ಹಾನಿಕರ. ತಡವಾದರೆ ಗಾಯ ಮುಚ್ಚಿಕೊಂಡು ಔಷಧ ಒಳಗಿಳಿಯುವುದಿಲ್ಲ. ಇಡೀ ಜಮೀನಿಗೆ ಸಿಂಪಡಿಸುವುದನ್ನು ನಾನು ಯಾರಿಗೂ ಹೇಳಲಾರೆ. ಬಹಳ ಬಳಕೆಯಲ್ಲಿರುವ ಗ್ಲೈಫೋಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವುಳ್ಳ ವಸ್ತುಗಳ ಗುಂಪಿಗೆ ಸೇರಿಸಿತು. ಬಾವಿ, ಕೆರೆ, ತೊರೆಯ ಬಳಿ ಯಾವ ಕಳೆನಾಶಕವೂ ಬೇಡ.

ಮರಳಿ ಬರುವ ದಿನಗಳು

ನೆಲ ಬಯಲಾದ ಮೇಲೆ ಬಿಸಿಲು ತಾಗಿ, ಮಣ್ಣಿನೊಳಗೆ ವರ್ಷಗಳಿಂದ ಮಲಗಿದ್ದ ಬೀಜಗಳೆಲ್ಲ ಮೊಳೆಯುತ್ತವೆ. ಅವುಗಳಿಗಿಂತ ಮೊದಲು ನಿಮ್ಮ ಗಿಡ ನೆಲ ಹಿಡಿಯಬೇಕು. ತೆರವಾದ ಪಟ್ಟಿಗೆ ಅದೇ ವಾರ ಹುರುಳಿ, ಅಲಸಂದೆ, ಸೆಣಬಿನಂಥ ಬೇಗ ಹಬ್ಬುವ ದ್ವಿದಳ ಬೀಜಗಳನ್ನು ಚೆಲ್ಲಿ, ಇಲ್ಲವೇ ದಪ್ಪನಾದ ಹೊದಿಕೆ ಹಾಸಿ. ದಿನಕ್ಕೆ ಬಿತ್ತಿ ಮುಚ್ಚಲಾಗುವಷ್ಟು ಜಾಗವನ್ನು ಮಾತ್ರ ತೆರವು ಮಾಡುವವರ ಕೆಲಸ ಕುಂಟುತ್ತ ಸಾಗಿದಂತೆ ಕಂಡರೂ, ಎರಡನೆಯ ವರ್ಷದ ಹೊತ್ತಿಗೆ ಅವರೇ ಮುಂದಿರುತ್ತಾರೆ.

ಮೊದಲ ಬಾರಿ ಕಡಿದ ನಾಲ್ಕರಿಂದ ಆರು ವಾರಗಳಲ್ಲಿ ಮರಳಿ ಬನ್ನಿ. ಚಿಗುರು ಮೊಣಕಾಲೆತ್ತರ ಮೀರುವ ಮುನ್ನ ಸವರಬೇಕು, ಏಕೆಂದರೆ ಅಷ್ಟರವರೆಗೆ ಅದು ಬೇರಿನಿಂದ ಸಾಲ ಪಡೆದು ಬೆಳೆದಿರುತ್ತದೆ, ಎತ್ತರವಾಗಿ ಎಲೆ ಬಲಿತ ಮೇಲೆ ಸಾಲ ತೀರಿಸಿ ಬೇರನ್ನು ಮತ್ತೆ ತುಂಬಿಸತೊಡಗುತ್ತದೆ. ಮೊದಲ ವರ್ಷ ಇಂಥ ನಾಲ್ಕೈದು ಸುತ್ತು, ಎರಡನೆಯ ವರ್ಷ ಎರಡು ಮೂರು, ಮೂರನೆಯ ವರ್ಷ ಮಳೆಯ ನಂತರ ಒಂದೆರಡು ಸುತ್ತು ಇಟ್ಟುಕೊಳ್ಳಿ. ಜಮೀನಿನ ಒರಟು ನಕ್ಷೆಯೊಂದನ್ನು ಬರೆದು, ಯಾವ ಪಟ್ಟಿಯಲ್ಲಿ ಎಂದು ಕಡಿದಿರಿ, ಎಲ್ಲಿ ಬೊಡ್ಡೆ ಉಳಿದಿದೆ ಎಂಬುದನ್ನು ದಿನಾಂಕ ಸಹಿತ ಗುರುತಿಸುತ್ತ ಹೋದರೆ ಯಾವ ಮೂಲೆಯೂ ಮರೆತುಹೋಗುವುದಿಲ್ಲ.

ಈ ಸುತ್ತುಗಳಲ್ಲಿ ಉಳಿಸಿಕೊಂಡ ಮರಗಳ ಅಡಿಯನ್ನು ತಪ್ಪದೆ ನೋಡಿ. ಲಂಟಾನದ ಹಣ್ಣು ತಿಂದ ಹಕ್ಕಿಗಳು ಬಂದು ಕೂರುವುದು ಅಲ್ಲಿಯೇ, ಬೀಜ ಬೀಳುವುದೂ ಅಲ್ಲಿಯೇ. ಎರಡು ಎಲೆಯ ಸಸಿಯಾಗಿರುವಾಗ ಅದು ಎರಡು ಬೆರಳಿಗೆ ಸಿಕ್ಕಿ ಸಲೀಸಾಗಿ ಕಿತ್ತುಬರುತ್ತದೆ.